ಐದು ಡಾಲರಿನ ಕೌದಿ

ಈ ವರ್ಷ ನಮ್ಮ ಕನ್ನಡ ಶಾಲೆಯಲ್ಲಿ ಪದವಿ ಪಡೆಯುತ್ತಿರುವ ಮಕ್ಕಳಲ್ಲಿ ಕೆಲವರು ಬರುವ ಆಗಸ್ಟ್‌ನಲ್ಲಿ ಅಥೆನ್ಸ್‌ಗೆ ಹೊರಡುತ್ತಾರೆ. ಅಟ್ಲಾಂಟಾದಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿ. ಪಾಲಕರಿಗೆ ಆ ಊರು ಎಂದರೆ ಜಾರ್ಜಿಯಾ ವಿಶ್ವವಿದ್ಯಾಲಯ, ಹಾಸ್ಟೆಲ್ಲಿನ ಖರ್ಚು, ಫುಟ್‌ಬಾಲ್ ಆಟದ ದಿನ ಕಾರು ನಿಲ್ಲಿಸಲು ಜಾಗ ಸಿಗದ ರಸ್ತೆಗಳು. ನನಗೆ ಮಾತ್ರ ಅದು ಹ್ಯಾರಿಯೆಟ್ ಪವರ್ಸ್ ಅವರ ಊರು. ಹೊಲಿಗೆ ಗೊತ್ತಿರುವ ಅಮೆರಿಕನ್ನರಿಗೆ ಈ ಹೆಸರು ಚಿರಪರಿಚಿತ. ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಮೊದಲು ನೆನಪಾದದ್ದು ಅವರೇ.

ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಕೌದಿ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ಅಮೆರಿಕದ ಕ್ವಿಲ್ಟ್ ಅದರ ದೂರದ ಬಂಧು. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಹಾಸು, ಮೂರನ್ನೂ ಕೂಡಿ ಹಿಡಿಯುವ ಹೊಲಿಗೆ. ಪವರ್ಸ್ ಅವರು ಮೇಲಿನ ಬಟ್ಟೆಯನ್ನು ಚೌಕಗಳಾಗಿ ವಿಂಗಡಿಸಿ, ಮನುಷ್ಯರು, ಪ್ರಾಣಿಗಳು, ನಕ್ಷತ್ರಗಳ ಆಕಾರಗಳನ್ನು ಬೇರೆ ಬಟ್ಟೆಯಲ್ಲಿ ಕತ್ತರಿಸಿ ಅದರ ಮೇಲೆ ಕೂಡಿಸುತ್ತಿದ್ದರು. ಹೊಲಿಗೆ ಯಂತ್ರವನ್ನೂ ಬಳಸುತ್ತಿದ್ದರು, ಕೈಯನ್ನೂ ಬಳಸುತ್ತಿದ್ದರು. ಒಂದೊಂದು ಚೌಕ ಒಂದೊಂದು ಕಥೆ.

ಅವರು ಹುಟ್ಟಿದ್ದು 1837ರ ಅಕ್ಟೋಬರ್ 29ರಂದು, ಅಥೆನ್ಸ್ ಬಳಿ, ಗುಲಾಮಳಾಗಿ. ಗುಲಾಮರಿಗೆ ಓದು ಬರಹ ಕಲಿಸುವುದು ಅಪರಾಧ ಎಂದು ಜಾರ್ಜಿಯಾ ರಾಜ್ಯ 1829ರಲ್ಲೇ ಕಾನೂನು ಮಾಡಿಟ್ಟಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1855ರಲ್ಲಿ ಆರ್ಮ್‌ಸ್ಟೆಡ್ ಪವರ್ಸ್ ಅವರ ಕೈಹಿಡಿದರು. ಕನಿಷ್ಠ ಒಂಬತ್ತು ಮಕ್ಕಳನ್ನು ಹೆತ್ತರು. ಅಂತರ್ಯುದ್ಧ ಮುಗಿದು ಬಿಡುಗಡೆ ಬಂದಾಗ ವಯಸ್ಸು 27. ಆಮೇಲಿನ ವರ್ಷಗಳಲ್ಲಿ ಗಂಡ ಹೆಂಡತಿ ದುಡಿದು ನಾಲ್ಕು ಎಕರೆ ಹೊಲವನ್ನು ಸ್ವಂತದ್ದಾಗಿ ಮಾಡಿಕೊಂಡರು. ತಾನೇ ಇನ್ನೊಬ್ಬರ ಸೊತ್ತಾಗಿದ್ದ ಮನುಷ್ಯನಿಗೆ ನಾಲ್ಕು ಎಕರೆ ಎಂದರೆ ಎಷ್ಟು ದೊಡ್ಡದು ಎಂದು ನಮ್ಮೂರಿನ ಗೇಣಿದಾರರ ಮೊಮ್ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1886ರಲ್ಲಿ ಅಥೆನ್ಸ್‌ನಲ್ಲಿ ಹತ್ತಿಯ ಮೇಳ ನಡೆಯಿತು. ಅಲ್ಲಿ ಪವರ್ಸ್ ಅವರು ತಮ್ಮದೊಂದು ಕ್ವಿಲ್ಟ್ ತೂಗುಹಾಕಿದರು. ಮೂರು ಸಾಲು, ಹನ್ನೊಂದು ಚೌಕ, ಎಲ್ಲವೂ ಬೈಬಲ್ಲಿನ ಕಥೆಗಳು. ಜೆನ್ನಿ ಸ್ಮಿತ್ ಎಂಬ ಬಿಳಿಯ ಮಹಿಳೆ ಅದನ್ನು ಕಂಡು ಬೆರಗಾದರು. ಅವರು ಚಿತ್ರಕಲಾವಿದೆ, ಊರಿನ ಲೂಸಿ ಕಾಬ್ ಎಂಬ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಹೊಲಿದವರು ಯಾರೆಂದು ಹುಡುಕಿಕೊಂಡು ಹೋಗಿ ಕೊಡುತ್ತೀರಾ ಎಂದು ಕೇಳಿದರು. ಪವರ್ಸ್ ಒಪ್ಪಲಿಲ್ಲ. ಯಾವ ಬೆಲೆಗೂ ಕೊಡುವುದಿಲ್ಲ ಎಂದುಬಿಟ್ಟರು.

ನಾಲ್ಕೈದು ವರ್ಷ ಕಳೆಯಿತು. ಕೈ ಬಿಗಿಯಾಯಿತು. ಪವರ್ಸ್ ಅವರೇ ಕ್ವಿಲ್ಟ್ ಮಾರಲು ಸಿದ್ಧ ಎಂದು ಹೇಳಿ ಕಳಿಸಿದರು. ಸ್ಮಿತ್ ಅವರ ಕೈಯಲ್ಲಿ ಆಗ ಹಣವಿರಲಿಲ್ಲ. ಮತ್ತಷ್ಟು ದಿನಗಳ ಮೇಲೆ ಅವರ ಕಡೆಯಿಂದ ಕರೆ ಹೋಯಿತು. ಎತ್ತಿನ ಗಾಡಿಯಲ್ಲಿ, ಶುಭ್ರವಾದ ಗೋಣಿಯಲ್ಲಿ ಸುತ್ತಿದ ಕ್ವಿಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಪವರ್ಸ್ ಬಂದರು. ಕೇಳಿದ್ದು ಹತ್ತು ಡಾಲರ್. ಸ್ಮಿತ್ ತಮ್ಮಿಂದ ಐದಕ್ಕಿಂತ ಹೆಚ್ಚು ಆಗದು ಎಂದರು. ಪವರ್ಸ್ ಹೊರಗೆ ಹೋಗಿ ಗಂಡನೊಡನೆ ಮಾತಾಡಿದರು. ಗಂಡ ತೆಗೆದುಕೋ ಎಂದರು. ಐದು ಡಾಲರಿಗೆ ವ್ಯಾಪಾರ ಮುಗಿಯಿತು.

ಆದರೆ ಕೊಟ್ಟು ಸುಮ್ಮನೆ ಗಾಡಿ ಹತ್ತಲಿಲ್ಲ ಅವರು. ಒಂದೊಂದು ಚೌಕದಲ್ಲಿ ಏನಿದೆ ಎಂದು ಬಿಡಿಸಿ ಹೇಳಿದರು. ಇದು ಯಾರು, ಅವರ ಕೈಯಲ್ಲಿ ಏನು, ಆ ಚುಕ್ಕೆಗಳು ಯಾಕೆ. ಸ್ಮಿತ್ ಅದನ್ನೆಲ್ಲ ಬರೆದಿಟ್ಟುಕೊಂಡರು. ಆಮೇಲೆಯೂ ಹಲವು ಸಲ ಪವರ್ಸ್ ಆ ಮನೆಗೆ ಬಂದು ತಮ್ಮ ಕ್ವಿಲ್ಟನ್ನು ನೋಡಿಕೊಂಡು ಹೋದರು. ಮದುವೆ ಮಾಡಿ ಕೊಟ್ಟ ಮಗಳ ಮನೆಗೆ ತಾಯಿ ಹೋಗಿಬಂದ ಹಾಗೆ.

ಜೆನ್ನಿ ಸ್ಮಿತ್ ಅವರ ಬಗ್ಗೆ ನನಗೆ ಎರಡು ಮನಸ್ಸು. ಕಷ್ಟಕ್ಕೆ ಸಿಕ್ಕಿದವರ ಕೈಯಿಂದ ಅರ್ಧ ಬೆಲೆಗೆ ಕೊಂಡರು, ನಿಜ. ಆದರೆ ಕೂತು ಕೇಳಿದರು, ಕೇಳಿದ್ದನ್ನು ಬರೆದರು. ಅವರ ಕಾಲದ ಎಷ್ಟೋ ಮನೆಗಳಲ್ಲಿ ಕರಿಯ ಹೆಂಗಸರು ಹೊಲಿದ ಸಾವಿರಾರು ಹೊದಿಕೆಗಳು ಹರಿದು, ಚಿಂದಿಯಾಗಿ, ಹೆಸರಿಲ್ಲದೆ ಹೋದವು. ಇದೊಂದು ಉಳಿಯಿತು, ಹೊಲಿದವರ ಹೆಸರಿನೊಡನೆ, ಅರ್ಥದೊಡನೆ. ಅರ್ಥವನ್ನು ಬರೆದಿಡದಿದ್ದರೆ ಇವತ್ತು ನಾವು ನೋಡುತ್ತಿದ್ದುದು ಕೆಲವು ಚಂದದ ಬೊಂಬೆಗಳನ್ನು ಮಾತ್ರ.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಚೌಕದಲ್ಲಿ ಆದಾಮ ಮತ್ತು ಹವ್ವ ಏದೆನ್ ತೋಟದಲ್ಲಿದ್ದಾರೆ, ಸುತ್ತ ಪ್ರಾಣಿಗಳಿವೆ, ಜೊತೆಗೆ ಹಾವೂ ಇದೆ. ಆ ಚೌಕದಲ್ಲಿ ಪಾದಗಳಿರುವುದು ಹಾವಿಗೆ! ಅರಿಯದವರು ನೋಡಿದರೆ ಪಾಪ, ಹಳ್ಳಿಯ ಹೆಂಗಸು, ಹಾವು ಬಿಡಿಸಲು ಬಂದಿಲ್ಲ ಎಂದಾರು. ಆದರೆ ಬೈಬಲ್ಲಿನಲ್ಲಿ ಹಾವು ಹೊಟ್ಟೆ ಹೊಸೆದು ಹರಿಯುವಂತಾದದ್ದು ಹವ್ವಳನ್ನು ಮೋಸಗೊಳಿಸಿದ ಮೇಲೆ, ದೇವರ ಶಾಪದಿಂದ. ಶಾಪಕ್ಕೆ ಮುಂಚಿನ ಹಾವಿಗೆ ಕಾಲಿರಬೇಕಲ್ಲವೇ? ಪವರ್ಸ್ ಅವರು ಕಥೆಯನ್ನು ನಮಗಿಂತ ಗಮನವಿಟ್ಟು ಕೇಳಿದ್ದರು ಎಂದೇ ನನ್ನ ನಂಬಿಕೆ. ಮಕ್ಕಳು ಬಿಡಿಸಿದ ಚಿತ್ರವನ್ನು ತಿದ್ದಲು ಪೆನ್ಸಿಲ್ ಎತ್ತುವ ಮೊದಲು ಶಿಕ್ಷಕರಾದ ನಾವು ಈ ಹಾವನ್ನು ಒಮ್ಮೆ ನೆನೆಯಬಹುದು.

ಅವರ ಎರಡನೆಯ ಕ್ವಿಲ್ಟ್ ನನಗೆ ಇನ್ನೂ ಇಷ್ಟ. ಅದರಲ್ಲಿ ಹದಿನೈದು ಚೌಕಗಳು. 1898ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದ ಅಧ್ಯಾಪಕ ಬಳಗದ ಮಹಿಳೆಯರು ಅದನ್ನು ಚಾರ್ಲ್ಸ್ ಕತ್‌ಬರ್ಟ್ ಹಾಲ್ ಎಂಬ ಪಾದ್ರಿಗಳಿಗೆ ಉಡುಗೊರೆಯಾಗಿ ಕೊಟ್ಟರು. ಬೈಬಲ್ಲಿನ ಯೋಬ, ಮೋಶೆ, ಮೀನಿನ ಬಾಯಿಗೆ ಬಿದ್ದ ಯೋನ ಇವರ ನಡುನಡುವೆ ಪವರ್ಸ್ ಅವರು ಜನರ ಬಾಯಲ್ಲಿದ್ದ ಲೋಕವಾರ್ತೆಗಳನ್ನೂ ಹೊಲಿದಿದ್ದಾರೆ. 1833ರ ನವೆಂಬರ್‌ನಲ್ಲಿ ಒಂದು ರಾತ್ರಿ ಅಮೆರಿಕದ ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದವು. ಪ್ರಳಯ ಬಂತೆಂದು ಜನ ಹೆದರಿದರು. ಆ ಚೌಕದಲ್ಲಿ ನಕ್ಷತ್ರಗಳನ್ನು ತಡೆದು ನಿಲ್ಲಿಸುವ ದೇವರ ಕೈ ಇದೆ. ಇನ್ನೊಂದು ಚೌಕದಲ್ಲಿ 1780ರ ಮೇ 19ರ ಕತ್ತಲೆ ದಿನ. ಅಂದು ನ್ಯೂ ಇಂಗ್ಲೆಂಡ್ ಕಡೆ ಹಗಲಿನಲ್ಲೇ ಕತ್ತಲಾಗಿ ದೀಪ ಹಚ್ಚಬೇಕಾಯಿತು. ಕಾಡ್ಗಿಚ್ಚಿನ ಹೊಗೆ ಕಾರಣ ಎಂದು ಈಗ ತಿಳಿದಿದೆ. ಮತ್ತೊಂದರಲ್ಲಿ 1895ರ ಫೆಬ್ರವರಿಯ ಚಳಿಯ ಗುರುವಾರ: ಪ್ರಾರ್ಥಿಸುತ್ತಲೇ ಹೆಪ್ಪುಗಟ್ಟಿದ ಹೆಂಗಸು, ಹೆಂಡದ ಹೂಜಿಯ ಬಳಿ ಮರಗಟ್ಟಿದ ಗಂಡಸು, ಉಸಿರು ಮಂಜುಗಡ್ಡೆಯಾಗಿ ನೇತಾಡುವ ಹೇಸರಗತ್ತೆ.

ಲೆಕ್ಕ ಹಾಕಿ ನೋಡಿ. ಉಲ್ಕೆಗಳು ಬಿದ್ದದ್ದು ಅವರು ಹುಟ್ಟುವ ನಾಲ್ಕು ವರ್ಷ ಮೊದಲು. ಕತ್ತಲೆ ದಿನ 57 ವರ್ಷ ಮೊದಲು, ಅದೂ ಎಷ್ಟೋ ದೂರದ ಸೀಮೆಯಲ್ಲಿ. ಯಾರೋ ಯಾರಿಗೋ ಹೇಳಿ, ಅವರು ಇನ್ನಾರಿಗೋ ಹೇಳಿ, ಹೊಲದಲ್ಲಿ, ಚರ್ಚಿನಲ್ಲಿ, ಒಲೆಯ ಮುಂದೆ ಬಾಯಿಂದ ಬಾಯಿಗೆ ಸಾಗಿ ಬಂದ ಸಂಗತಿಗಳು ಅಥೆನ್ಸ್‌ನ ಒಬ್ಬ ರೈತ ಮಹಿಳೆಯ ಸೂಜಿಗೆ ಸಿಕ್ಕಿದವು. ತೇದಿಯೂ ಅವರ ಬಳಿ ಇತ್ತು.

ಕೊನೆಯ ಸಾಲಿನಲ್ಲಿ ಒಂದು ಹಂದಿ ಇದೆ. ಹೆಸರು ಬೆಟ್ಸ್. ಜಾರ್ಜಿಯಾದಿಂದ ವರ್ಜೀನಿಯಾದವರೆಗೆ ಐನೂರು ಮೈಲಿ ಓಡಿ ಹೋದ, ಯಾರಿಗೂ ತಲೆಬಾಗದ ಹಂದಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡಿದವರ ನೆನಪು ಅದರಲ್ಲಿದೆ ಎಂದು ಹಲವರು ಓದುತ್ತಾರೆ. ದೇವರ, ದೇವದೂತರ ಸಾಲಿನಲ್ಲಿ ಒಂದು ಹಂದಿಗೆ ಜಾಗ ಕೊಟ್ಟವರ ಮನಸ್ಸಿನಲ್ಲಿ ಏನೋ ಇದ್ದಿರಲೇಬೇಕು. ಮಕ್ಕಳಿಗೆ ಕಥೆ ಹೇಳಿದಾಗ ಹೆಚ್ಚು ಪ್ರಶ್ನೆ ಬರುವುದು ಬೆಟ್ಸ್ ಬಗ್ಗೆಯೇ.

ಬದುಕಿನ ಕೊನೆಯ ಭಾಗ ಸುಲಭವಾಗಿರಲಿಲ್ಲ. ಹೊಲ ತುಂಡುತುಂಡಾಗಿ ಕೈಬಿಟ್ಟಿತು. ಗಂಡ ದೂರವಾದರು. ಆ ವರ್ಷಗಳಲ್ಲಿ ತೆಗೆದ ಒಂದು ಛಾಯಾಚಿತ್ರ ಉಳಿದಿದೆ. ಅದರಲ್ಲಿ ಪವರ್ಸ್ ಅವರು ತಮ್ಮದೇ ಹೊಲಿಗೆಯ ಆಕಾರಗಳಿರುವ ಏಪ್ರನ್ ತೊಟ್ಟು, ಕ್ಯಾಮೆರಾಕ್ಕೆ ನೆಟ್ಟಗೆ ಮುಖಕೊಟ್ಟು ನಿಂತಿದ್ದಾರೆ. 1910ರ ಜನವರಿ 1ರಂದು ತೀರಿಕೊಂಡರು. ಆದರೆ ಬಹುಕಾಲ ಪುಸ್ತಕಗಳಲ್ಲಿ 1911 ಎಂದೇ ಅಚ್ಚಾಗುತ್ತಿತ್ತು. 2005ರಲ್ಲಿ ಅಥೆನ್ಸ್‌ನ ಗಾಸ್ಪೆಲ್ ಪಿಲ್‌ಗ್ರಿಮ್ ಸ್ಮಶಾನದಲ್ಲಿ ಅವರ ಸಮಾಧಿಯ ಕಲ್ಲು ಸಿಕ್ಕಿದ ಮೇಲೆ ತೇದಿ ಸರಿಯಾಯಿತು.

ಅದಕ್ಕಿಂತ ದೊಡ್ಡ ತಿದ್ದುಪಡಿ 2009ರಲ್ಲಿ ಆಯಿತು. ಅಲ್ಲಿಯವರೆಗೆ ಪವರ್ಸ್ ಅವರಿಗೆ ಓದು ಬರಹ ಬರುತ್ತಿರಲಿಲ್ಲ ಎಂದೇ ಎಲ್ಲರೂ ಬರೆಯುತ್ತಿದ್ದರು. ಗುಲಾಮಳಾಗಿ ಹುಟ್ಟಿದವಳು, ಹಳ್ಳಿಯವಳು, ಇನ್ನೇನು ಎಂಬ ಊಹೆ. ಕೈರಾ ಹಿಕ್ಸ್ ಎಂಬ ಸಂಶೋಧಕಿ ಹುಡುಕುತ್ತ ಹೋದಾಗ 1896ರಲ್ಲಿ ಪವರ್ಸ್ ಅವರು ಐಯೋವಾದ ಮಹಿಳೆಯೊಬ್ಬರಿಗೆ ಬರೆದ ಪತ್ರದ ಒಕ್ಕಣೆ ಸಿಕ್ಕಿತು. ಯಜಮಾನರ ಮನೆಯ ಬಿಳಿಯ ಮಕ್ಕಳ ಸಹಾಯದಿಂದ ಓದಲು ಕಲಿತದ್ದು, ಆಮೇಲೆ ತಾವೇ ಓದಿಕೊಂಡದ್ದು, ನಾಲ್ಕು ಕ್ವಿಲ್ಟ್‌ಗಳನ್ನು ಮಾಡಿದ್ದು ಅದರಲ್ಲಿವೆ. 1829ರ ಕಾನೂನನ್ನು ನೆನೆದುಕೊಳ್ಳಿ ಎಂದು ಹೇಳಿದ್ದು ಇದಕ್ಕೇ. ಕಾನೂನಿನ ಕಣ್ಣು ತಪ್ಪಿಸಿ, ಮಕ್ಕಳಿಂದ ಅಕ್ಷರ ಕಲಿತ ಹೆಂಗಸನ್ನು ನೂರು ವರ್ಷಕ್ಕೂ ಮಿಕ್ಕಿ ನಿರಕ್ಷರಿ ಎಂದು ಕರೆಯಲಾಯಿತು. ಇದು ನನಗೆ ಐದು ಡಾಲರಿಗಿಂತ ಹೆಚ್ಚು ನೋವಿನ ಸಂಗತಿ.

ನಾಲ್ಕರಲ್ಲಿ ಎರಡು ಮಾತ್ರ ಉಳಿದಿವೆ. ಮೊದಲನೆಯದು ಸ್ಮಿತ್ ಅವರ ಕಾಲಾನಂತರ 1968ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸೇರಿತು. ಎರಡನೆಯದು 1964ರಲ್ಲಿ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್ ಸೇರಿತು. ಎರಡೂ ಮೊದಲ ಬಾರಿಗೆ ಅಕ್ಕಪಕ್ಕ ತೂಗಿದ್ದು 2021ರಲ್ಲಿ, ಬಾಸ್ಟನ್ನಿನಲ್ಲಿ. ಬೆಳಕಿಗೆ ಬಟ್ಟೆ ಮಾಸುವುದರಿಂದ ಇವುಗಳನ್ನು ವರ್ಷವಿಡೀ ಹೊರಗೆ ಇಡುವುದಿಲ್ಲ. ರಜೆಯಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. 1990ರ ದಶಕದ ಆರಂಭದಲ್ಲಿ ಮೊದಲ ಕ್ವಿಲ್ಟಿನ ನಕಲುಗಳನ್ನು ಸ್ಮಿತ್‌ಸೋನಿಯನ್ ಅನುಮತಿಯಿಂದ ಚೀನಾದಲ್ಲಿ ಹೊಲಿಸಿ ಅಮೆರಿಕದಲ್ಲಿ ಮಾರಿದಾಗ ಇಲ್ಲಿನ ಹೊಲಿಗೆಯವರು ರೊಚ್ಚಿಗೆದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಪವರ್ಸ್ ಅವರ ಕೆಲಸಕ್ಕೂ ಪಶ್ಚಿಮ ಆಫ್ರಿಕಾದ ದಾಹೋಮಿಯ ಬಟ್ಟೆ ಚಿತ್ರಗಳಿಗೂ ಹೋಲಿಕೆ ಇದೆ ಎಂದು ವಿದ್ವಾಂಸರು ಹೇಳುತ್ತಾರೆ. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಹಳಿಯಾಳ, ಯಲ್ಲಾಪುರದ ಕಡೆಗೆ ಹೋಗುತ್ತದೆ. ಅಲ್ಲಿನ ಸಿದ್ದಿಯರ ಪೂರ್ವಿಕರೂ ಆಫ್ರಿಕಾದವರೇ. ಅವರಲ್ಲಿ ಬಹುಪಾಲು ಜನ ಪೋರ್ಚುಗೀಸರ ಕಾಲದ ಗೋವಾಕ್ಕೆ ಗುಲಾಮರಾಗಿ ಬಂದವರು, ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರು. ಸಿದ್ದಿ ಹೆಂಗಸರ ಕೌದಿಗಳು ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತವೆ. ಮೂಲೆಗೆ ಮಡಿಸಿದ ಬಟ್ಟೆಯ ಪುಟ್ಟ ಹೂವು ಇಡದೆ ಮುಗಿಯುವುದಿಲ್ಲ. ಇವು ಅಮೆರಿಕದ ಪ್ರದರ್ಶನಗಳಿಗೂ ಬಂದಿವೆ. ಜಾರ್ಜಿಯಾದ ಹೊಲಿಗೆಯಿಂದ ಇವರಾಗಲಿ, ಇವರ ಹೊಲಿಗೆಯಿಂದ ಜಾರ್ಜಿಯಾದವರಾಗಲಿ ಕಲಿತದ್ದಲ್ಲ. ಆದರೂ ಎರಡು ಸೀಮೆಯ ಕೌದಿಗಳನ್ನೂ ಒಟ್ಟಿಗೆ ಹಾಸಿದರೆ ನಮ್ಮ ಮಕ್ಕಳಿಗೆ ಒಂದೇ ಪಾಠದಲ್ಲಿ ಎರಡು ಊರುಗಳ ಚರಿತ್ರೆ ಸಿಗುತ್ತದೆ.

ಈ ವರ್ಷ ದೊಡ್ಡ ತರಗತಿಯವರಿಗೆ ಮನೆಗೊಂದು ಚೌಕ ಹೊಲಿದು ತರಲು ಹೇಳಿದ್ದೆವು. ಹನ್ನೆರಡು ಇಂಚಿನ ಹತ್ತಿ ಬಟ್ಟೆ, ಮನೆಯ ಹಳೆಯ ಬಟ್ಟೆಯ ತುಂಡುಗಳು, ಸೂಜಿ ದಾರ. ಅಂಟು ಬೇಡ ಎಂದು ಗಟ್ಟಿಯಾಗಿ ಹೇಳಿದ್ದೆವು. ಎರಡು ಮನೆಗಳಿಂದ ಅಂಟಿಸಿದ್ದೇ ಬಂತು, ಇರಲಿ. ಜೊತೆಗೊಂದು ಕೆಲಸ: ಚೌಕದ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಅದನ್ನು ಬಟ್ಟೆಯ ಪಟ್ಟಿಗೆ ಇಳಿಸಿ ಹಿಂದೆ ಹೊಲಿಯುವುದು. ಊರಿಗೆ ವಿಡಿಯೊ ಕರೆ ಮಾಡಿ ಅಜ್ಜಿಯರನ್ನು ಕೇಳಿದವರೇ ಹೆಚ್ಚು. ಕೃಷ್ಣಾ ನದಿಗೆ ಪ್ರವಾಹ ಬಂದ ವರ್ಷ, ಮನೆಗೆ ಮೊದಲ ರೇಡಿಯೊ ಬಂದ ದಿನ, ಅಮ್ಮನ ಮದುವೆಯ ಇಳಕಲ್ ಸೀರೆಯ ಸೆರಗು, ಹೀಗೆ ಬಂದವು. ಪಟ್ಟಿಗಳಲ್ಲಿನ ಒತ್ತಕ್ಷರಗಳನ್ನು ನಾವು ತಿದ್ದಲಿಲ್ಲ.

ಚೌಕಗಳನ್ನು ಕೂಡಿಸಿ ಮಾಡಿದ ಕೌದಿ ಸಮಾರಂಭದ ದಿನ ಸಭಾಂಗಣದ ಬಾಗಿಲ ಬಳಿ ತೂಗಿರುತ್ತದೆ. ಹಿಂಬದಿಯನ್ನೂ ತಿರುಗಿಸಿ ಓದಿ. ಕೆಳಗಿನ ಸಾಲಿನ ಎಡಮೂಲೆಯಲ್ಲಿ ಒಂದು ಹಂದಿ ಹುಬ್ಬಳ್ಳಿಯ ಕಡೆಗೆ ಓಡುತ್ತಿದೆ.