ಕೆಂಡ ಹಾಯೋರ ಹಾಗೆ ಓಡಿದ ಹುಡುಗ

ಸ್ಪೋರ್ಟ್ಸ್ ಡೇ ಹತ್ತಿರ ಬಂತು ಅಂದ್ರೆ ಗದಗಿನ ನಮ್ಮ ಗ್ರೌಂಡಲ್ಲಿ ಒಂದೇ ದೃಶ್ಯ. ವರ್ಷವಿಡೀ ಲ್ಯಾಬು, ಕ್ಯಾಂಟೀನು ಅಂತ ಕೂತ ನಾವು ಒಂದಿನ ಸಂಜೆ ಹಲ್ಲು ಕಚ್ಚಿ, ಮುಷ್ಟಿ ಬಿಗಿದು 100 ಮೀಟರ್ ಓಡ್ತೀವಿ. ಹೋದ ವರ್ಷ ವಾರ್ಮ್-ಅಪ್ ಇಲ್ಲದೇ ಓಡಿ, ನಮ್ಮಲ್ಲೊಬ್ಬ ತೊಡೆಯ ಹಿಂಭಾಗ ಹಿಡಿದುಕೊಂಡು ಅರ್ಧ ದಾರಿಯಲ್ಲೇ ಕೂತುಬಿಟ್ಟ. ಓಟಾನೂ ಕಲೀಬೇಕಾದ ವಿದ್ಯೆ ಅಂತ ಆವತ್ತು ಗೊತ್ತಾಯ್ತು. ಹುಡುಕ್ತಾ ಹೋದಾಗ ಸಿಕ್ಕವರು ಜೆಸ್ಸಿ ಓವೆನ್ಸ್.

1913ರ ಸೆಪ್ಟೆಂಬರ್ 12ರಂದು ಅಮೆರಿಕದ ಅಲಬಾಮಾದಲ್ಲಿ, ಪಾಲಿಗೆ ಹೊಲ ಮಾಡುತ್ತಿದ್ದ ಬಡ ಕಪ್ಪು ಕುಟುಂಬದಲ್ಲಿ ಅವರು ಹುಟ್ಟಿದರು. ಚಿಕ್ಕಂದಿನಲ್ಲಿ ಎದೆಯ ಕಾಯಿಲೆ ಬೇರೆ. 9ನೇ ವಯಸ್ಸಿಗೆ ಮನೆಯವರ ಜೊತೆ ಕ್ಲೀವ್‌ಲ್ಯಾಂಡಿಗೆ ಬಂದರು. ಸಂಜೆ ದುಡಿಯಲು ಹೋಗಬೇಕಿದ್ದ ಈ ಹುಡುಗನಿಗೆ ಕೋಚ್ ಚಾರ್ಲ್ಸ್ ರೈಲಿ ಬೆಳಗ್ಗೆ ಶಾಲೆಗೆ ಮುಂಚೆ ಓಟ ಕಲಿಸಿದರು.

ನೆಲ ಸುಡುತ್ತಿದೆ ಅಂದುಕೊಂಡು ಓಡಬೇಕು ಅನ್ನೋದು ರೈಲಿ ಪಾಠ. ಮೊಹರಂನಲ್ಲಿ ಕೆಂಡ ಹಾಯೋರನ್ನ ನಾವೂ ನೋಡಿದೀವಲ್ಲ, ಪಾದ ಊರೋದೇ ಇಲ್ಲ, ಮುಟ್ಟಿ ಎತ್ತಿಬಿಡ್ತಾರೆ. ನಾವು ಮಾಡೋದು ಇದರ ಉಲ್ಟಾ. ದಾಪುಗಾಲು ಹಾಕಿ ಪಾದಾನ ದೇಹಕ್ಕಿಂತ ಮುಂದೆ ಇಡ್ತೀವಿ. ಆಗ ನೆಲ ನಮ್ಮನ್ನ ಹಿಂದಕ್ಕೆ ತಳ್ಳುತ್ತೆ, ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದ ಹಾಗೆ. ಪಾದದ ಮುಂಭಾಗ ಸೊಂಟದ ಕೆಳಗೇ ಬೀಳಬೇಕು. ನ್ಯೂಟನ್ನನ ಮೂರನೇ ನಿಯಮವನ್ನ ಪರೀಕ್ಷೆಯಲ್ಲಿ ಬರೆದಿದ್ವಿ, ಕಾಲಿಗೆ ಹೇಳಿರಲಿಲ್ಲ ಅಷ್ಟೇ.

ರೈಲಿ ಹುಡುಗನನ್ನ ಕುದುರೆ ರೇಸಿಗೂ ಕರ್ಕೊಂಡು ಹೋಗಿದ್ದರು. ಎಷ್ಟೇ ವೇಗವಾಗಿ ಓಡಿದರೂ ಕುದುರೆಯ ಮುಖದಲ್ಲಿ ಒದ್ದಾಟ ಕಾಣಲ್ಲ. ಓವೆನ್ಸ್ ಓಡೋ ಹಳೇ ಫಿಲ್ಮ್ ನೋಡ್ರಿ: ದವಡೆ, ಭುಜ ಎಲ್ಲ ಸಡಿಲ. ಬಿಗಿ ಹಿಡಿದ ಸ್ನಾಯು ವೇಗ ಕೊಡಲ್ಲ, ಶಕ್ತಿ ತಿನ್ನುತ್ತೆ.

1935ರ ಮೇ 25. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಓವೆನ್ಸ್ ಬೆನ್ನುನೋವಲ್ಲೇ ಕಣಕ್ಕಿಳಿದು, ಸುಮಾರು 45 ನಿಮಿಷದಲ್ಲಿ ಮೂರು ವಿಶ್ವದಾಖಲೆ ಮುರಿದು ಇನ್ನೊಂದನ್ನ ಸರಿಗಟ್ಟಿದರು. ಆವತ್ತಿನ 8.13 ಮೀಟರ್ ಉದ್ದಜಿಗಿತ 25 ವರ್ಷ ದಾಖಲೆಯಾಗೇ ಉಳೀತು. ಮರುವರ್ಷ ಹಿಟ್ಲರನ ಬರ್ಲಿನ್‌ನಲ್ಲಿ ಒಲಿಂಪಿಕ್ಸ್. ಅಲ್ಲಿ ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಸಣ್ಣ ಕರಣೆಯಿಂದ ಟ್ರ್ಯಾಕಲ್ಲೇ ಗುಂಡಿ ತೋಡಿ ಕಾಲಿಟ್ಟರು. 100 ಮೀಟರ್ 10.3 ಸೆಕೆಂಡ್, 200 ಮೀಟರ್ 20.7. ಉದ್ದಜಿಗಿತ, ರಿಲೇ ಸೇರಿ ಒಟ್ಟು 4 ಚಿನ್ನ.

ಊರಿಗೆ ಮರಳಿದ ಮೇಲೆ? ಮೆರವಣಿಗೆ ಆಯ್ತು, ತಕ್ಕ ಕೆಲಸ ಸಿಗಲಿಲ್ಲ. ಕುದುರೆ ನೋಡಿ ಓಟ ಕಲಿತವರು ಹೊಟ್ಟೆಪಾಡಿಗೆ ಕುದುರೆ ಜೊತೆಗೇ ರೇಸ್ ಓಡಬೇಕಾಯಿತು. ನಮಗೆ ಇದನ್ನ ಓದುವಾಗ ಪದಕಗಳಿಗಿಂತ ಹೆಚ್ಚು ಚುಚ್ಚಿದ್ದು ಇದೇ. 1980ರ ಮಾರ್ಚ್ 31ರಂದು ಅವರು ತೀರಿಕೊಂಡರು.

ಈ ಸಲ ನಾವು ಮೊದಲು ನಿಧಾನಕ್ಕೆ ಎರಡು ಸುತ್ತು ಓಡಿ ಮೈ ಬಿಸಿ ಮಾಡ್ಕೊಂತೀವಿ. ಆಮೇಲೆ 30 ಮೀಟರ್, ಹಗುರ ಹೆಜ್ಜೆ, ಸಡಿಲ ಮುಖ. ಗೆಲ್ತೀವೋ ಇಲ್ವೋ ಗೊತ್ತಿಲ್ಲ. ಹಲ್ಲು ಕಚ್ಚೋದನ್ನಂತೂ ಬಿಟ್ಟಿದೀವಿ.