ಸೈಕಲ್ ಮಾರುವ ಮೊದಲು ಸೈಕಲ್ ಕಲಿತವರು

ಕಿರ್ಲೋಸ್ಕರ್ ಎಂದರೆ ಪುಣೆಯಲ್ಲಿ ಕೆಲವರಿಗೆ ಖಡಕಿಯ ಎಂಜಿನ್ ಕಾರ್ಖಾನೆ ನೆನಪಾಗುತ್ತದೆ, ಸಂಗೀತ ನಾಟಕದ ಹುಚ್ಚಿರುವವರಿಗೆ ಅಣ್ಣಾಸಾಹೇಬ ಕಿರ್ಲೋಸ್ಕರ್. ಇಬ್ಬರ ಬೇರೂ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿದೆ. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಲ್ಲಿ ಹುಟ್ಟಿದ್ದು 1869ರ ಜೂನ್ 20ರಂದು.

ಶಿವಾಜಿನಗರದ ನಾವು ಮೂವರು ಗೆಳತಿಯರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರುವ ತಯಾರಿಯಲ್ಲಿದ್ದೇವೆ. ಹೆಸರು ಏನಿಡೋಣ, ಎಫ್‌ಎಸ್‌ಎಸ್‌ಎಐ ನೋಂದಣಿ ಯಾರ ಹೆಸರಲ್ಲಿ ಎಂಬ ಚರ್ಚೆಯ ನಡುವೆ ಲಕ್ಷ್ಮಣರಾಯರ ಬಗ್ಗೆ ಓದತೊಡಗಿದೆ. ಅವರ ದೊಡ್ಡ ಕಾರ್ಖಾನೆಗಳಿಗಿಂತ ಮೊದಲ ವರ್ಷಗಳೇ ನನ್ನನ್ನು ಹಿಡಿದು ಕೂರಿಸಿದವು.

ಚಿತ್ರಕಾರನಾಗಬೇಕೆಂದು ಅವರು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದ್ದರು. ಕೆಲವು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ತಿಳಿಯದ ಕಾರಣ ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟರಾದರು. ಆಗಲೇ ಸೈಕಲ್ ಕಂಡಿದ್ದು. ಒಂದನ್ನು ಕೊಂಡು ತಾವೇ ಓಡಿಸಲು ಕಲಿತರು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮಣ್ಣನ ಜೊತೆ ಸೈಕಲ್ ಅಂಗಡಿ. ಅಣ್ಣ ಬರೀ ಮಾರಲಿಲ್ಲ, 15 ರೂಪಾಯಿಗೆ ಸವಾರಿಯನ್ನೂ ಕಲಿಸಿದರು. ಓಡಿಸಲು ಬಾರದವನು ಸೈಕಲ್ ಏಕೆ ಕೊಂಡಾನು, ಹೇಳಿ! ಮುಂಬೈಯಲ್ಲಿ ತಮಗೆ ಸಿಗಬೇಕಿದ್ದ ಬಡ್ತಿ ಬೇರೆಯವರ ಪಾಲಾದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಊರ ಕಡೆ ಬಂದರು. ಕೈಯಲ್ಲಿ ಅಂಗಡಿ ಇತ್ತಲ್ಲ, ಆ ಧೈರ್ಯ.

ನಂತರ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದ ಕಾಲ. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಇಲ್ಲಿ ನಾನು ಪುಸ್ತಕ ಮಡಚಿಟ್ಟೆ. ನಮ್ಮಲ್ಲೊಬ್ಬಾಕೆ ರೊಟ್ಟಿ ಯಂತ್ರಕ್ಕಾಗಿ ಬಳೆ ಅಡವಿಡಲು ಸಿದ್ಧಳಾಗಿದ್ದಳು. ಎರಡು ವರ್ಷ ಹೋಗಲಿ, ಎರಡು ತಿಂಗಳು ಗಿರಾಕಿ ಬಾರದಿದ್ದರೆ ಬಡ್ಡಿ ಕಟ್ಟುವವರು ಯಾರು?

ಬೆಳಗಾವಿಯ ಜಾಗವನ್ನೂ ಪುರಸಭೆಗೆ ಬಿಟ್ಟುಕೊಡಬೇಕಾಯಿತು. ಆಗ ಔಂಧ ಸಂಸ್ಥಾನದ ರಾಜರು ಕುಂಡಲ ಬಳಿ ಭೂಮಿ ಕೊಟ್ಟರು, ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ತುಂಬಿದ ಬರಡು ನೆಲ ಅದು. 1910ರಲ್ಲಿ ಅಲ್ಲಿ ಕಾರ್ಖಾನೆಯ ಜೊತೆಗೆ ಊರೂ ಎದ್ದಿತು. ಪುಣೆಯಿಂದ ಬೆಳಗಾವಿಗೆ ರೈಲಿನಲ್ಲಿ ಹೋಗುವಾಗ ಕರಾಡ ದಾಟಿದ ಮೇಲೆ ಸಿಗುವ ಕಿರ್ಲೋಸ್ಕರವಾಡಿ ಅದೇ. 1956ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮಗ ಶಂತನುರಾಯರು ಖಡಕಿಯಲ್ಲೂ ಕಾರ್ಖಾನೆ ನಡೆಸುತ್ತಿದ್ದರು.

ನಮ್ಮ ಶಿವಾಜಿನಗರದ ಕೃಷಿ ಕಾಲೇಜಿನ ಮೈದಾನದಲ್ಲಿ ನಡೆಯುವ ಭೀಮಥಡಿ ಜಾತ್ರೆಗೆ ಹೋದವರಿಗೆ ಗೊತ್ತು, ರುಚಿ ನೋಡಲು ಒಂದು ಚೂರು ಕೊಡುವ ಮಳಿಗೆಯ ಮುಂದೆಯೇ ಜನ ನಿಲ್ಲುವುದು. ಜೋಳದ ರೊಟ್ಟಿ ತಿಂದು ಗೊತ್ತಿರದ ಅಕ್ಕಪಕ್ಕದವರಿಗೆ ಅದನ್ನು ಹೇಗೆ, ಯಾವುದರ ಜೊತೆ ತಿನ್ನಬೇಕೆಂದು ನಾವೂ ಕಲಿಸಬೇಕು. ಸದ್ಯಕ್ಕೆ ಯಂತ್ರದ ಮಾತು ನಿಂತಿದೆ. ಬಳೆ ಗೆಳತಿಯ ಕೈಯಲ್ಲೇ ಇವೆ. ದಿನಕ್ಕೆ ನಲವತ್ತು ರೊಟ್ಟಿ, ಕೈಯಲ್ಲೇ ಬಡಿದು, ಮೂರು ತಿಂಗಳು ಮಾರಿ ನೋಡುತ್ತೇವೆ. ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿದೆ.