ಕಾಲರಾ ಬಾವಿಯ ಬಳಿ ಒಬ್ಬ ವೈದ್ಯ, ಒಬ್ಬ ಪಾದ್ರಿ

ಸಾರ್ವಜನಿಕ ಆರೋಗ್ಯದ ಯಾವ ಪಠ್ಯಪುಸ್ತಕವನ್ನು ತೆರೆದರೂ ಡಾ. ಜಾನ್ ಸ್ನೋ ಅವರ ಹೆಸರು ಎದುರಾಗುತ್ತದೆ. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಒಂದು ಕೈಪಂಪಿನ ಹಿಡಿಯನ್ನು ತೆಗೆಸಿ ಕಾಲರಾ ಮಾರಿಯನ್ನು ತಡೆದ ವೈದ್ಯ ಎಂಬುದು ಅವರ ಬಗ್ಗೆ ಪ್ರಚಲಿತವಾಗಿರುವ ಚಿತ್ರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಅವರನ್ನು ಮೊದಲು ಕಂಡದ್ದು ಅಂಕಿಅಂಶಗಳ ಜಾಣ ಬಳಕೆಗೆ ಒಂದು ಉದಾಹರಣೆಯಾಗಿ. ಆಡಳಿತದಲ್ಲಿ ಮೂರು ದಶಕಗಳನ್ನು ಕಳೆದ ಮೇಲೆ ಅವರ ಬದುಕನ್ನು ಮತ್ತೆ ಓದಿದಾಗ ನನಗೆ ಮುಖ್ಯವೆನಿಸಿದ್ದು ಬೇರೆಯೇ ಸಂಗತಿ. ಆ ಕಥೆಯಲ್ಲಿ ಸ್ನೋ ಒಬ್ಬಂಟಿಯಾಗಿರಲಿಲ್ಲ.

1813ರ ಮಾರ್ಚ್ 15ರಂದು ಯಾರ್ಕ್ ನಗರದ ಬಡ ಕೇರಿಯೊಂದರಲ್ಲಿ, ಕೂಲಿ ಕಾರ್ಮಿಕನ ಒಂಬತ್ತು ಮಕ್ಕಳಲ್ಲಿ ಹಿರಿಯರಾಗಿ ಸ್ನೋ ಜನಿಸಿದರು. 14ನೇ ವಯಸ್ಸಿಗೆ ನ್ಯೂಕ್ಯಾಸಲ್‌ನ ಶಸ್ತ್ರವೈದ್ಯರೊಬ್ಬರ ಬಳಿ ಕಲಿಕೆಗೆ ಸೇರಿದರು. 1831-32ರಲ್ಲಿ ಇಂಗ್ಲೆಂಡಿಗೆ ಕಾಲರಾ ಮೊದಲ ಬಾರಿ ಕಾಲಿಟ್ಟಾಗ ಈ ಹದಿಹರೆಯದ ಶಿಷ್ಯನನ್ನು ಕಿಲ್ಲಿಂಗ್‌ವರ್ತ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಶುಶ್ರೂಷೆಗೆ ಕಳುಹಿಸಲಾಯಿತು. ಅಲ್ಲಿ ಕಂಡ ಸಾವುಗಳನ್ನು ಅವರು ಮರೆಯಲಿಲ್ಲ. ಮದ್ಯ, ಮಾಂಸಗಳನ್ನು ತ್ಯಜಿಸಿದ್ದ, ಮಿತಭಾಷಿಯಾದ ಈ ಅವಿವಾಹಿತ ಮುಂದೆ ಲಂಡನ್ನಿಗೆ ಬಂದು 1844ರಲ್ಲಿ ಎಂ.ಡಿ. ಪದವಿ ಪಡೆದರು. ಅರಿವಳಿಕೆ ಶಾಸ್ತ್ರದಲ್ಲಿ ಅವರು ಗಳಿಸಿದ ಪ್ರಾವೀಣ್ಯ ಎಷ್ಟಿತ್ತೆಂದರೆ, ವಿಕ್ಟೋರಿಯಾ ರಾಣಿಯ 1853 ಮತ್ತು 1857ರ ಹೆರಿಗೆಗಳಲ್ಲಿ ಕ್ಲೋರೋಫಾರ್ಮ್ ನೀಡಿದವರು ಅವರೇ.

ಆ ಕಾಲದ ವೈದ್ಯಲೋಕ ಕಾಲರಾ ದುರ್ಗಂಧದ ಗಾಳಿಯಿಂದ ಹರಡುತ್ತದೆಂದು ನಂಬಿತ್ತು. ಅನಿಲಗಳ ವರ್ತನೆಯನ್ನು ಹತ್ತಿರದಿಂದ ಬಲ್ಲ ಸ್ನೋ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ರೋಗ ಆರಂಭವಾಗುವುದು ಕರುಳಿನಲ್ಲಾದ್ದರಿಂದ ಅದರ ಮೂಲ ಬಾಯಿಯ ಮೂಲಕವೇ ಒಳಸೇರಬೇಕು, ಕಲುಷಿತ ನೀರೇ ಅದರ ವಾಹಕ ಎಂದು 1849ರ ಕಿರುಹೊತ್ತಗೆಯಲ್ಲಿ ಅವರು ವಾದಿಸಿದರು. ಹೆಚ್ಚಿನವರು ಅದನ್ನು ನಿರ್ಲಕ್ಷಿಸಿದರು.

1854ರ ಆಗಸ್ಟ್ ಕೊನೆಯ ರಾತ್ರಿ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಸ್ಫೋಟಿಸಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಸ್ನೋ ಜನನ-ಮರಣ ನೋಂದಣಿ ಕಚೇರಿಯ ವಿಲಿಯಂ ಫಾರ್ ಅವರಿಂದ ಮೃತರ ಪಟ್ಟಿ ಪಡೆದು ಮನೆ ಮನೆಗೆ ನಡೆದರು. ಬಹುತೇಕ ಮೃತರು ಬ್ರಾಡ್ ಸ್ಟ್ರೀಟಿನ ಪಂಪಿಗೆ ಹತ್ತಿರದಲ್ಲಿದ್ದವರು. ಸಮೀಪದ ನಿರ್ಗತಿಕರ ಆಶ್ರಯಧಾಮದ 535 ನಿವಾಸಿಗಳಲ್ಲಿ ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕಾ ಘಟಕದ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಪಂಪಿನ ನೀರನ್ನೇ ಮುಟ್ಟುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಮಾತ್ರ ಒಬ್ಬ ವಿಧವೆ ಸತ್ತಿದ್ದರು. ವಿಚಾರಿಸಿದಾಗ, ಹಿಂದೆ ಸೋಹೋದಲ್ಲಿದ್ದ ಅವರು ಆ ನೀರಿನ ರುಚಿಗೆ ಮಾರುಹೋಗಿ ಅದನ್ನು ದಿನವೂ ತರಿಸಿಕೊಳ್ಳುತ್ತಿದ್ದರೆಂಬುದು ಅವರ ಮಗನ ಮಾತಿನಿಂದ ತಿಳಿಯಿತು.

ಸೆಪ್ಟೆಂಬರ್ 7ರಂದು ಸ್ನೋ ಸ್ಥಳೀಯ ಪ್ಯಾರಿಷ್ ಮಂಡಳಿಯ ಮುಂದೆ ಈ ವಿವರಗಳನ್ನು ಇಟ್ಟರು. ಮರುದಿನ ಪಂಪಿನ ಹಿಡಿಯನ್ನು ತೆಗೆಯಲಾಯಿತು. ವಾಸ್ತವವಾಗಿ ಆ ವೇಳೆಗೆ ಜನ ಊರು ಬಿಟ್ಟಿದ್ದರು, ಸಾವುಗಳು ಇಳಿಮುಖವಾಗಿದ್ದವು. ಸ್ನೋ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಹೀಗಾಗಿ ಅವರ ವಾದ ಹಲವರಿಗೆ ಊಹೆಯಾಗಿಯೇ ಉಳಿಯಿತು.

ಒಪ್ಪದವರಲ್ಲಿ ಸೇಂಟ್ ಲ್ಯೂಕ್ ಚರ್ಚಿನ ಸಹಾಯಕ ಪಾದ್ರಿ, ಇನ್ನೂ 30 ತುಂಬಿರದ ಹೆನ್ರಿ ವೈಟ್‌ಹೆಡ್ ಒಬ್ಬರು. ಆ ಭೀಕರ ದಿನಗಳಲ್ಲಿ ರೋಗಿಗಳ ಹಾಸಿಗೆಯ ಬಳಿ ಕುಳಿತಿದ್ದ ಅವರಿಗೆ, ಅದೇ ಪಂಪಿನ ನೀರು ಕುಡಿದೂ ಬದುಕುಳಿದವರು ಗೊತ್ತಿದ್ದರು. ಪ್ಯಾರಿಷ್ ರಚಿಸಿದ ವಿಚಾರಣಾ ಸಮಿತಿಯಲ್ಲಿ ಇಬ್ಬರೂ ಸದಸ್ಯರಾದರು. ಸ್ನೋ ಅವರ ವಾದವನ್ನು ಸುಳ್ಳೆಂದು ತೋರಿಸಲು ಹೊರಟ ವೈಟ್‌ಹೆಡ್ ಒಂದೊಂದು ಮನೆಗೆ ನಾಲ್ಕೈದು ಸಲವೂ ಹೋದರು. ಸತ್ತವರ ಬಗ್ಗೆ ಮಾತ್ರವಲ್ಲ, ಬದುಕಿದವರ ಬಗ್ಗೆಯೂ ಕೇಳಿದರು. ಅಪರಿಚಿತ ವೈದ್ಯನಿಗೆ ಬಾಯಿ ಬಿಡದ ಕುಟುಂಬಗಳು ತಮ್ಮ ದುಃಖದಲ್ಲಿ ಜೊತೆಗಿದ್ದ ಪಾದ್ರಿಯೊಡನೆ ಮನಬಿಚ್ಚಿ ಮಾತನಾಡಿದವು. ಲೆಕ್ಕ ಬೆಳೆದಂತೆ ಪಂಪಿನ ನೀರು ಕುಡಿದವರಲ್ಲೇ ರೋಗ ಹಲವು ಪಟ್ಟು ಹೆಚ್ಚೆಂಬುದು ಖಚಿತವಾಗಿ, ವೈಟ್‌ಹೆಡ್ ತಮ್ಮ ನಿಲುವನ್ನು ಬದಲಿಸಿಕೊಂಡರು.

ನಿರ್ಣಾಯಕ ಕೊಂಡಿಯನ್ನು ಪತ್ತೆ ಮಾಡಿದವರೂ ಅವರೇ. ಪಂಪಿಗೆ ತಾಗಿದಂತಿದ್ದ 40ನೇ ಸಂಖ್ಯೆಯ ಮನೆಯಲ್ಲಿ ಹಸುಗೂಸೊಂದು ಆಗಸ್ಟ್ 28ರಂದೇ ಭೇದಿಗೆ ತುತ್ತಾಗಿತ್ತು. ತಾಯಿ ಬಟ್ಟೆ ಅದ್ದಿದ ನೀರನ್ನು ಮನೆ ಮುಂದಿನ ಮಲಗುಂಡಿಗೆ ಸುರಿದಿದ್ದಳು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆಗಳು ಶಿಥಿಲಗೊಂಡಿದ್ದವು. ಅಲ್ಲಿಂದ ಬಾವಿಗಿದ್ದ ಅಂತರ ಸುಮಾರು ಮೂರು ಅಡಿ. ಮಗುವಿನ ತಂದೆ ಕಾಲರಾಗೆ ತುತ್ತಾದದ್ದು ಪಂಪಿನ ಹಿಡಿ ತೆಗೆದ ಸೆಪ್ಟೆಂಬರ್ 8ರಂದೇ. ಹಿಡಿ ಇದ್ದಿದ್ದರೆ ಮತ್ತೊಮ್ಮೆ ಮಾರಿ ಭುಗಿಲೇಳುವ ಸಾಧ್ಯತೆಯಿತ್ತು. ತಡವಾಯಿತೆಂದು ಕಂಡ ಕ್ರಮ ನಿಜಕ್ಕೂ ಜೀವ ಉಳಿಸಿತ್ತೆಂಬುದು ಗೊತ್ತಾದದ್ದು ಪಾದ್ರಿಯ ಮನೆಭೇಟಿಗಳಿಂದ.

ಇದೇ ಅವಧಿಯಲ್ಲಿ ಸ್ನೋ ದಕ್ಷಿಣ ಲಂಡನ್ನಿನಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆಸಿದರು. ಅಲ್ಲಿ ಎರಡು ಖಾಸಗಿ ಕಂಪನಿಗಳು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ನೀರು ಮಾರುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಸ್ಥಾವರವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ ಸ್ಥಳಾಂತರಿಸಿತ್ತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಕೊಳಚೆ ಸೇರುವ ಜಾಗದಿಂದಲೇ ನೀರೆತ್ತುತ್ತಿತ್ತು. ಮನೆಯವರಿಗೆ ತಮ್ಮ ಕಂಪನಿ ಯಾವುದೆಂದು ತಿಳಿಯದ ಕಡೆ ಸ್ನೋ ನೀರಿನ ಉಪ್ಪಿನಂಶ ಪರೀಕ್ಷಿಸಿ ಪತ್ತೆ ಹಚ್ಚಿದರು. ಏಳು ವಾರಗಳ ಲೆಕ್ಕದಲ್ಲಿ ಪ್ರತಿ 10,000 ಮನೆಗಳಿಗೆ ಸೌತ್‌ವಾರ್ಕ್ ಕಂಪನಿಯ ಗ್ರಾಹಕರಲ್ಲಿ 315 ಸಾವು, ಲ್ಯಾಂಬೆತ್ ಗ್ರಾಹಕರಲ್ಲಿ 37 ಸಾವು. ಅರ್ಥಶಾಸ್ತ್ರಜ್ಞರು ಈಗಲೂ ಬೋಧಿಸುವ ಉದಾಹರಣೆ ಇದು. ಆದರೆ ಸರ್ಕಾರದ ಆರೋಗ್ಯ ಮಂಡಳಿ ಸ್ನೋ ಅವರ ವಾದವನ್ನು ತಳ್ಳಿಹಾಕಿತು.

1858ರ ಜೂನ್ 16ರಂದು, ಕೇವಲ 45ರ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಸ್ನೋ ನಿಧನರಾದರು. ಮನ್ನಣೆ ಬಂದದ್ದು ಆಮೇಲೆ. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಮರುಕಳಿಸಿದಾಗ, ಹಿಂದೆ ಸಂಶಯಪಟ್ಟಿದ್ದ ಫಾರ್ ನೀರು ಸರಬರಾಜಿನತ್ತಲೇ ಬೊಟ್ಟು ಮಾಡಿದರು. ತನಿಖೆಯಲ್ಲಿ ವೈಟ್‌ಹೆಡ್ ಕೂಡ ನೆರವಾದರು. 1883-84ರಲ್ಲಿ ರಾಬರ್ಟ್ ಕಾಕ್ ಈಜಿಪ್ಟಿನಲ್ಲಿ, ಬಳಿಕ ನಮ್ಮ ಕೋಲ್ಕತ್ತದಲ್ಲಿ ನಡೆಸಿದ ಸಂಶೋಧನೆಯಿಂದ ರೋಗಾಣುವಿನ ಪಾತ್ರವೂ ಸ್ಥಿರಪಟ್ಟಿತು.

ಈ ಬದುಕಿನಲ್ಲಿ ಆಡಳಿತಗಾರನಿಗೆ ಕಾಣುವ ಪಾಠ ಸರಳವಾದುದು. ವೈದ್ಯನ ಬಳಿ ಸಿದ್ಧಾಂತವಿತ್ತು, ನೋಂದಣಿ ಕಚೇರಿಯ ಬಳಿ ಅಂಕಿಅಂಶವಿತ್ತು, ಪಾದ್ರಿಯ ಬಳಿ ಜನರ ವಿಶ್ವಾಸವಿತ್ತು, ಪ್ಯಾರಿಷ್ ಮಂಡಳಿಯ ಬಳಿ ಅಧಿಕಾರವಿತ್ತು. ಯಾರೊಬ್ಬರಿಂದಲೂ ಕೆಲಸ ಪೂರ್ಣಗೊಳ್ಳುತ್ತಿರಲಿಲ್ಲ. ಸೇವೆಯಲ್ಲಿದ್ದಾಗ ಮಳೆಗಾಲದ ಮೊದಲ ವಾರಗಳಲ್ಲಿ ವಾಂತಿಭೇದಿಯ ವರದಿಗಳನ್ನು ನಾನು ಹಲವು ಬಾರಿ ಓದಿದ್ದೇನೆ. ಕೊಳವೆ ಒಡೆದು ಚರಂಡಿ ನೀರು ಸೇರುತ್ತಿದ್ದ ಜಾಗ ಎಂಜಿನಿಯರರ ನಕ್ಷೆಯಲ್ಲಿ ಅಪರೂಪಕ್ಕೆ ಸಿಗುತ್ತಿತ್ತು. ನಲ್ಲಿಯ ಬಳಿ ನಿಂತ ಮಹಿಳೆಯರಿಗೆ ಸಾಮಾನ್ಯವಾಗಿ ಗೊತ್ತಿರುತ್ತಿತ್ತು. ಕೇಳುವವರು ಇದ್ದರೆ ಅವರು ಹೇಳುತ್ತಿದ್ದರು.

2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ಕುಡಿಯುವ ನೀರಿನಿಂದಾಗಿ ಅಸ್ವಸ್ಥರಾಗಿ, ಸಾವುಗಳೂ ಸಂಭವಿಸಿದಾಗ ನನಗೆ ಬ್ರಾಡ್ ಸ್ಟ್ರೀಟ್ ನೆನಪಾಗಿತ್ತು. ನಮ್ಮಲ್ಲಿ ಸಂಸ್ಥೆಗಳ ಕೊರತೆಯಿಲ್ಲ. ಗ್ರಾಮಸಭೆಯಿದೆ, ಆಶಾ ಕಾರ್ಯಕರ್ತೆಯರಿದ್ದಾರೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಗ್ರಾಮಕ್ಕೂ ನೀರು ಮತ್ತು ನೈರ್ಮಲ್ಯ ಸಮಿತಿಯನ್ನು, ನೀರು ಪರೀಕ್ಷಿಸಲು ತರಬೇತಿ ಪಡೆದ ಐವರು ಮಹಿಳೆಯರನ್ನು ಕಲ್ಪಿಸಿತು. ಅವರ ಪರೀಕ್ಷೆಯ ಫಲಿತಾಂಶ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲ್ಪಡಬೇಕು. ಟ್ಯಾಂಕು ಕೊನೆಯ ಬಾರಿ ಯಾವಾಗ ಶುಚಿಯಾಯಿತು, ಯಾವ ಓಣಿಯಲ್ಲಿ ಮಕ್ಕಳು ಮಲಗಿದ್ದಾರೆ ಎಂಬ ಪ್ರಶ್ನೆಗಳಿಗೆ ವೈದ್ಯಾಧಿಕಾರಿ, ಎಂಜಿನಿಯರ್ ಮತ್ತು ಪಂಚಾಯಿತಿ ಒಟ್ಟಿಗೆ ಕುಳಿತು ಉತ್ತರಿಸಬೇಕು. ನಗರದ ವಾರ್ಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇದಕ್ಕೆ ಹೊಸ ಕಾನೂನಾಗಲಿ, ಹೆಚ್ಚಿನ ಅನುದಾನವಾಗಲಿ ಬೇಕಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಇದನ್ನು ಆರಂಭಿಸಬಹುದು.